ಮಳೆಗಾಲಕ್ಕೆ ಬಿಗಿಯುವ ಮುಂಬಾಗಿಲು: ಹೊಸ ಮನೆಗೆ ಯಾವ ಮರ, ಯಾವ ಪಾಲಿಶ್?

ಪ್ರಶ್ನೆ (ತೀರ್ಥಹಳ್ಳಿಯಿಂದ)

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯ ಸಮೀಪ ನಾವು ಕಟ್ಟಿಸುತ್ತಿರುವ ಮನೆ ಮುಂಬಾಗಿಲಿನ ಹಂತಕ್ಕೆ ಬಂದಿದೆ. ಬಾಗಿಲು ಪಶ್ಚಿಮಕ್ಕೆ, ಅಂದರೆ ಮಳೆ ನೇರವಾಗಿ ಬಡಿಯುವ ದಿಕ್ಕಿಗೇ ಇದೆ. ಈಗ ನಾವಿರುವ ಮನೆಯ ತೇಗದ ಬಾಗಿಲು ಜೂನ್ ಕಳೆಯುವಷ್ಟರಲ್ಲಿ ಬಿಗಿದುಕೊಂಡು, ಭುಜ ಕೊಟ್ಟು ತಳ್ಳದೆ ತೆರೆಯುವುದಿಲ್ಲ. ಎರಡು ಮಳೆಗಾಲಗಳಲ್ಲಿ ಅಂಚನ್ನು ಹೆರೆಸಿದೆವು. ಪರಿಣಾಮವಾಗಿ ಬೇಸಿಗೆಯಲ್ಲಿ ಅದೇ ಸಂದಿಯಿಂದ ಹಲ್ಲಿ ಒಳಗೆ ಬರುತ್ತದೆ. ಹೊಸ ಬಾಗಿಲಿಗೆ ಮರದ ಅಂಗಡಿಯವರು ಗಾನಾ ತೇಗವನ್ನು ಸೂಚಿಸಿದ್ದಾರೆ, ತಂದೆಯವರು ತೋಟದ ಹಲಸೇ ಸಾಕೆನ್ನುತ್ತಾರೆ, ಸ್ನೇಹಿತರು ಉಕ್ಕಿನ ಬಾಗಿಲು ಹಾಕಿಸಿ ನಿಶ್ಚಿಂತೆಯಿಂದಿರಿ ಎನ್ನುತ್ತಾರೆ. ಯಾವುದನ್ನು ಆರಿಸಬೇಕು, ಯಾವ ಪಾಲಿಶ್ ಮಾಡಿಸಬೇಕು ಎಂದು ಅನುಭವವಿರುವವರು ತಿಳಿಸಬೇಕಾಗಿ ಕೋರಿಕೆ.

ಉತ್ತರ (ಸಾಗರದ ಬಡಗಿ)

ತಮ್ಮ ಹಳೆಯ ಬಾಗಿಲಿನ ದೋಷ ಮರದ ಜಾತಿಯದ್ದಾಗಿರಲಾರದು. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೆಂಬಷ್ಟು ಕಡಿಮೆ. ಅಗಲಕ್ಕೆ ಮಾತ್ರ ಹಿಗ್ಗುತ್ತದೆ, ಕುಗ್ಗುತ್ತದೆ. ಚೆನ್ನಾಗಿ ಒಣಗಿದ ತೇಗವೂ ನಮ್ಮ ಮಳೆಗಾಲದ ತೇವ ಕುಡಿದರೆ ಒಂದಡಿ ಅಗಲದ ಹಲಗೆ 3ರಿಂದ 4 ಮಿ.ಮೀ. ಹಿಗ್ಗಬಹುದು. ಆದ್ದರಿಂದಲೇ ಹಿಂದಿನವರು ಕದಕ್ಕೆ ಚೌಕಟ್ಟು ಕಟ್ಟಿ, ಅದರ ಒಳ ಅಂಚಿಗೆ ಗಾಡಿ, ಅಂದರೆ ಉದ್ದನೆಯ ತೋಡು ತೆಗೆದು, ಅದರೊಳಗೆ ಹಲಗೆಯನ್ನು ಸಡಿಲವಾಗಿ ಕೂರಿಸುತ್ತಿದ್ದರು. ಹಲಗೆ ಗಾಡಿಯೊಳಗೆ ಹಿಗ್ಗಿದರೂ ಬಾಗಿಲಿನ ಒಟ್ಟು ಅಗಲ ಹೆಚ್ಚು ಬದಲಾಗುವುದಿಲ್ಲ. ಆ ಹಲಗೆಗೆ ಅಂಟು ಹಾಕಿ ಮೊಳೆ ಹೊಡೆದರೆ ಒಂದೋ ಹಲಗೆ ಸೀಳುತ್ತದೆ, ಇಲ್ಲವೇ ಚೌಕಟ್ಟಿನ ಮೂಲೆ ಬಿಡುತ್ತದೆ. ಕೆಲಸ ನಡೆಯುವಾಗ ಇದನ್ನು ತಾವೇ ನಿಂತು ನೋಡಿ.

ಮರ ಕೊಳ್ಳುವಾಗ ಹೆಸರಿಗಿಂತ ಚೇಗನ್ನು, ಅಂದರೆ ಮರದ ಒಳಗಿನ ಬಲಿತ ಗಟ್ಟಿ ಭಾಗವನ್ನು ಗಮನಿಸಿ. ಆಫ್ರಿಕಾದಿಂದ ಬರುವ ತೇಗ ಬಹುಮಟ್ಟಿಗೆ ನೆಟ್ಟು ಬೆಳೆಸಿದ ಮರವಾದ್ದರಿಂದ ಹೊರಗಿನ ಬಿಳಿ ಭಾಗ ಜಾಸ್ತಿ ಇರುತ್ತದೆ. ಆ ಭಾಗಕ್ಕೆ ಬಣ್ಣ ಹಚ್ಚಿ ಚೇಗಿನಂತೆ ತೋರಿಸಬಹುದೇ ಹೊರತು ಗೆದ್ದಲು ಮೋಸ ಹೋಗುವುದಿಲ್ಲ. ತಮ್ಮ ಹಲಸು ಬಲಿತ ಮರವಾಗಿದ್ದು, ಕೊಯ್ದ ಹಲಗೆಗಳನ್ನು ನಡುವೆ ಪಟ್ಟಿ ಕೊಟ್ಟು ನೆರಳಿನಲ್ಲಿ ಒಂದು ವರ್ಷವಾದರೂ ಒಣಗಿಸಿದ್ದರೆ, ತಂದೆಯವರ ಮಾತಿಗೇ ನನ್ನ ಮತ. ತೇವಮಾಪಕ ಇಟ್ಟಾಗ ಶೇ. 12ರಿಂದ 14ರೊಳಗೆ ತೋರಿಸಬೇಕು.

ದಾರಂದವನ್ನು, ಅಂದರೆ ಕದ ಕೂರುವ ಹೊರಚೌಕಟ್ಟನ್ನು, ಗೋಡೆಯೊಡನೆ ಮೊದಲೇ ನಿಲ್ಲಿಸುವ ಪದ್ಧತಿ ನಮ್ಮಲ್ಲಿದೆ. ಹಾಗೆ ಮಾಡುವುದಾದರೆ ಗೋಡೆಗೆ ತಗಲುವ ಮೈಗೆ ಮುಂಚೆಯೇ ಡಾಂಬರು ಬಳಿಸಿ. ಕದವನ್ನಂತೂ ಗಾರೆ ಪೂರ್ತಿ ಒಣಗುವ ತನಕ ತರಿಸಲೇಬೇಡಿ.

ಉತ್ತರ (ಉಡುಪಿಯಿಂದ)

ಸಾಗರದವರು ಹೇಳಿದ್ದಕ್ಕೆ ಕರಾವಳಿಯ ಅನುಭವವನ್ನು ಸೇರಿಸುತ್ತೇನೆ. ನಮ್ಮ ಮನೆಯ ಬಾಗಿಲಿಗೆ ಮೆಲಮೈನ್ ಪಾಲಿಶ್ ಮಾಡಿಸಿದ್ದೆವು. ಗೃಹಪ್ರವೇಶದ ದಿನ ಮುಖ ಕಾಣುವಷ್ಟು ಹೊಳೆಯುತ್ತಿತ್ತು. ಮೂರನೆಯ ವರ್ಷಕ್ಕೆ ಈರುಳ್ಳಿ ಸಿಪ್ಪೆಯಂತೆ ಏಳತೊಡಗಿತು, ಏಕೆಂದರೆ ಅದು ಒಳಮನೆಯ ಪೀಠೋಪಕರಣಕ್ಕೆ ಹೊಂದುವ ಪಾಲಿಶ್. ಪಡುವಣ ಬಿಸಿಲು ಬೀಳುವ ಬಾಗಿಲಿಗೆ ಹೊರಾಂಗಣಕ್ಕೆಂದೇ ತಯಾರಿಸಿದ ಪಿಯು (ಪಾಲಿಯುರೆಥೇನ್) ಪಾಲಿಶ್ ಹಾಕಿಸಬೇಕು, ಇಲ್ಲವೇ ಕುದಿಸಿದ ಅಗಸೆ ಎಣ್ಣೆ ಸಾಕು. ಪಿಯು ಕೆಟ್ಟರೆ ಪೂರ್ತಿ ಕೆರೆದು ತೆಗೆಯಬೇಕಾಗುತ್ತದೆ. ಎಣ್ಣೆಯಾದರೆ ಮಳೆಗೆ ಮುಂಚೆ ಒಮ್ಮೆ ಒರೆಸಿ ಮತ್ತೆ ಹಚ್ಚಿದರಾಯಿತು. ಎಣ್ಣೆ ಒರೆಸಿದ ಬಟ್ಟೆಯನ್ನು ಮಾತ್ರ ಮುದ್ದೆ ಮಾಡಿ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಕಾವು ಹುಟ್ಟಿ ಆ ಮುದ್ದೆ ತಾನಾಗಿಯೇ ಹೊತ್ತಿಕೊಳ್ಳಬಹುದು. ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ನೆನೆಸಿಡಿ.

ಕಬ್ಬಿಣದ ಮೊಳೆ ಬಳಸಿದಲ್ಲೆಲ್ಲ ಮಳೆ ನೀರು ತಾಗಿ ತೇಗದ ಮೇಲೆ ಕಪ್ಪು ಕಲೆ ಇಳಿಯುತ್ತದೆ. ಹಿತ್ತಾಳೆ ಅಥವಾ ಸ್ಟೇನ್‌ಲೆಸ್ ಸ್ಟೀಲಿನ ತಿರುಪುಗಳನ್ನೇ ಕೇಳಿ ಪಡೆಯಿರಿ. ಏಳಡಿಯ ಭಾರದ ಕದಕ್ಕೆ ಮೂರಕ್ಕಿಂತ ಕಡಿಮೆ ಹಿಂಜ್ ಬೇಡ. ಉಕ್ಕಿನ ಬಾಗಿಲು ಹಿಗ್ಗುವುದಿಲ್ಲ, ನಿಜ; ಗೀರು ಬಿದ್ದ ಜಾಗದಲ್ಲಿ ಉಪ್ಪುಗಾಳಿಗೆ ತುಕ್ಕು ಹತ್ತುವುದನ್ನು ನಮ್ಮ ಬೀದಿಯಲ್ಲೇ ಕಂಡಿದ್ದೇನೆ. ತಮ್ಮಲ್ಲಿ ಉಪ್ಪುಗಾಳಿ ಇಲ್ಲವಾದ್ದರಿಂದ ಅದು ಅಷ್ಟು ಬೇಗ ಆಗಲಿಕ್ಕಿಲ್ಲ. ಆದರೆ ಯಾವ ಬಾಗಿಲಾದರೂ ಮೇಲೆ ಮೂರಡಿಯ ಸಜ್ಜಾ ಇಲ್ಲದೆ ಪಶ್ಚಿಮದ ಮಳೆಗೆ ಒಡ್ಡಿದರೆ ಪಾಲಿಶಿನ ಖರ್ಚು ವರ್ಷವರ್ಷವೂ ತಪ್ಪದು.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ತಾವು ಬರೆದದ್ದನ್ನು ಓದಿದ ಮೇಲೆ ಹಳೆಯ ಬಾಗಿಲಿನ ಅಡಿಗೆ ಸಣ್ಣ ಕನ್ನಡಿ ಸರಿಸಿ ಟಾರ್ಚ್ ಹಾಕಿ ನೋಡಿದೆ. ಕೆಳಗಿನ ಅಂಚಿಗೆ ಪಾಲಿಶ್ ಸೋಕಿಯೇ ಇಲ್ಲ. ಮರ ಕಪ್ಪಾಗಿ, ಬೆರಳಿಟ್ಟರೆ ನಾರು ಏಳುತ್ತದೆ. ತಾಯಿಯವರು ದಿನವೂ ಬೆಳಿಗ್ಗೆ ಹೊಸ್ತಿಲು ತೊಳೆದು ಅರಿಸಿನ ಕುಂಕುಮ ಇಡುತ್ತಾರೆ. ಆ ನೀರೆಲ್ಲ ಅಲ್ಲಿಗೇ ಹೋಗುತ್ತಿತ್ತೇ? ಹಾಗೆಂದು ಹೊಸ್ತಿಲು ತೊಳೆಯಬೇಡಿ ಎಂದು ಹೇಳುವ ಧೈರ್ಯ ನನಗಿಲ್ಲ.

ಉತ್ತರ (ಸಾಗರದ ಬಡಗಿ)

ಹೇಳುವ ಅಗತ್ಯವೂ ಇಲ್ಲ. ಹೊಸ ಮನೆಯಲ್ಲಿ ಮರದ ಹೊಸ್ತಿಲನ್ನು ಕಲ್ಲಿನ ಪಟ್ಟಿಯ ಮೇಲೆ ಕೂರಿಸಿ, ಆ ಕಲ್ಲಿಗೆ ಹೊರಗಡೆಗೆ ಇಳಿಜಾರು ಕೊಡಿಸಿ, ಆಗ ನೀರು ನಿಲ್ಲುವುದಿಲ್ಲ. ಕದ ತೂಗುಹಾಕುವ ಮುನ್ನ ಅದರ ಮೇಲಂಚು, ಕೆಳ ಅಂಚುಗಳಿಗೆ ಎರಡೆರಡು ಸಲ ಪಾಲಿಶ್ ಕುಡಿಸಿ. ಒಮ್ಮೆ ತೂಗುಹಾಕಿದ ಮೇಲೆ ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ.

ಹಳೆಯ ಬಾಗಿಲನ್ನು ಈಗ ಮತ್ತೆ ಹೆರೆಸಬೇಡಿ. ಮೊದಲು ಮೇಲಿನ ಹಿಂಜಿನ ತಿರುಪು ಸಡಿಲವಾಗಿದೆಯೇ ನೋಡಿ. ಸಡಿಲವಾಗಿದ್ದರೆ ಕದ ಜೋತು ಬಿದ್ದು ಚಿಲಕದ ಕಡೆಯ ಕೆಳಮೂಲೆ ಉಜ್ಜುತ್ತದೆ. ತೂತಿಗೆ ಅಂಟು ಸವರಿದ ಬಿದಿರು ಕಡ್ಡಿ ತುಂಬಿ, ಉದ್ದದ ತಿರುಪು ಹಾಕಿದರೆ ಎಷ್ಟೋ ಬಾಗಿಲುಗಳು ಸರಿಹೋಗುತ್ತವೆ. ಆಮೇಲೂ ಬಿಗಿಯೆನಿಸಿದರೆ ದಾರಂದದ ಅಂಚಿಗೆ ಸೀಮೆಸುಣ್ಣ ಸವರಿ ಬಾಗಿಲು ಹಾಕಿ ತೆಗೆಯಿರಿ. ಕದದ ಮೇಲೆ ಬಿಳಿ ಅಂಟಿದ ಜಾಗಕ್ಕೆ ಗುರುತು ಮಾಡಿಟ್ಟುಕೊಳ್ಳಿ. ಜನವರಿಯಲ್ಲಿ ಕದ ಇಳಿಸಿ, ಒಣಗಿದ ಮೇಲೆ ಆ ಗುರುತಿನಷ್ಟನ್ನೇ ತೆಳುವಾಗಿ ಹೆರೆದು, ಅದೇ ದಿನ ಆರೂ ಮೈಗೆ ಎಣ್ಣೆ ಹಚ್ಚಬೇಕು.