ಹಳೇ ಲ್ಯಾಪ್‌ಟಾಪ್‌ಗೆ ಮಿಂಟ್ ಹಾಕಿದೆ, ವೈಫೈ ನಾಪತ್ತೆ!

ಮಂಡ್ಯ_ಹೈದ:
ತಲೆ ಕೆಟ್ಟು ಹೋಗಿದೆ. ವಿಂಡೋಸ್ 10ಕ್ಕೆ ಅಪ್‌ಡೇಟ್ ನಿಂತಿತು, 11 ಇದಕ್ಕೆ ಆಗಲ್ಲ ಅನ್ನುತ್ತದೆ. ವಿಂಡೋಸ್ ಬದಲು ಹಾಕೋ ಲಿನಕ್ಸ್‌ಗಳಲ್ಲಿ ಹೊಸಬರಿಗೆ ಮಿಂಟ್ ಸುಲಭ ಅಂತ ಎಲ್ಲರೂ ಹೇಳಿದ್ದಕ್ಕೆ ಅದರ 22ನೇ ಆವೃತ್ತಿ, ಸಿನಮನ್ ಡೆಸ್ಕ್‌ಟಾಪ್ ಇರೋದು ಹಾಕಿದೆ. ಸೌಂಡು, ಟಚ್‌ಪ್ಯಾಡ್ ಎಲ್ಲಾ ಸರಿ. ವೈಫೈ ಆಫ್ ಆಗಿದೆ ಅಂತಲ್ಲ, ಅದರ ಗುರುತೇ ಇಲ್ಲ. ಬೇರೆ ಯಾವ ಡಿಸ್ಟ್ರೋ (ಲಿನಕ್ಸ್ ಬಗೆ) ಹಾಕಲಿ? ಬೇಗ ಹೇಳಿ.

ಟರ್ಮಿನಲ್_ತಾತ:
ಯಾವ ಮಾಡೆಲ್? ವೈಫೈ ಚಿಪ್ ಯಾವುದು?

ಮಂಡ್ಯ_ಹೈದ:
ಮಾಮೂಲಿ ಲ್ಯಾಪ್‌ಟಾಪ್ ಸರ್, ಕಪ್ಪು ಬಣ್ಣದ್ದು. 4 ಜಿಬಿ ರ‍್ಯಾಮ್.

ಎಕ್ಸ್‌ಎಫ್‌ಸಿಇ_ಭಕ್ತ:
4 ಜಿಬಿಗೆ ಸಿನಮನ್ನಾ? ಅಲ್ಲೇ ಇರೋದು ತೊಂದರೆ. ಎಕ್ಸ್‌ಎಫ್‌ಸಿಇ ಡೆಸ್ಕ್‌ಟಾಪ್ ಹಾಕಿ.

ಟರ್ಮಿನಲ್_ತಾತ:
ಡೆಸ್ಕ್‌ಟಾಪ್‌ಗೂ ವೈಫೈಗೂ ಏನ್ರೀ ಸಂಬಂಧ? ಹೈದ, ಟರ್ಮಿನಲ್‌ನಲ್ಲಿ ಎಲ್‌ಎಸ್‌ಪಿಸಿಐ (lspci) ಅನ್ನೋ ಕಮಾಂಡ್ ಕೊಟ್ಟು 'ನೆಟ್‌ವರ್ಕ್' ಅಂತಿರುವ ಸಾಲು ಹಾಕಿ.

ಎಕ್ಸ್‌ಎಫ್‌ಸಿಇ_ಭಕ್ತ:
ಸಂಬಂಧ ಇಲ್ಲದಿದ್ರೂ ಹಗುರ ಅಲ್ವಾ. ಪ್ರೊಸೆಸರ್ 32 ಬಿಟ್ ಇರಬಹುದು, ಅದನ್ನೂ ನೋಡಿ.

ಟರ್ಮಿನಲ್_ತಾತ:
ಮಿಂಟ್ 22 ಬರುವುದೇ 64 ಬಿಟ್‌ನಲ್ಲಿ. ಇನ್‌ಸ್ಟಾಲ್ ಆಗಿದೆ ಅಂದ ಮೇಲೆ ಆ ಮಾತು ಮುಗೀತು. 32 ಬಿಟ್ ಆಗಿದ್ದರೆ ಡೆಬಿಯನ್ ಅನ್ನೋ ಡಿಸ್ಟ್ರೋದ 12 ಹುಡುಕಬೇಕಿತ್ತು, 13ರಲ್ಲಿ ಅದರ ಇನ್‌ಸ್ಟಾಲರ್ ತೆಗೆದುಬಿಟ್ಟರು.

ಚಾಮುಂಡಿ_ಆರ್ಚ್:
ಸುಮ್ನೆ ಆರ್ಚ್ ಡಿಸ್ಟ್ರೋ ಹಾಕಿ ಗುರು. ಮೈಸೂರಿನ ನಮ್ಮ ಮನೆಯಲ್ಲಿ ಮೂರು ಮಾನಿಟರ್, 64 ಜಿಬಿ ರ‍್ಯಾಮ್, ಹೈಪರ್‌ಲ್ಯಾಂಡ್ ಡೆಸ್ಕ್‌ಟಾಪ್. ಬೆಣ್ಣೆ ಥರ ಓಡುತ್ತೆ.

ಟರ್ಮಿನಲ್_ತಾತ:
ಕೇಳಿದ್ದು ನಿಮ್ಮ ಮಾನಿಟರ್ ಲೆಕ್ಕ ಅಲ್ಲ.

ಮಂಡ್ಯ_ಹೈದ:
ಬ್ರಾಡ್‌ಕಾಮ್ ಬಿಸಿಎಂ4312 ಅಂತ ಬಂತು.

ಟರ್ಮಿನಲ್_ತಾತ:
ಇದನ್ನ ಮೊದಲೇ ಹೇಳಿದ್ದರೆ ಇಷ್ಟು ಜಗಳ ಇರ್ತಿರಲಿಲ್ಲ. ಈ ಚಿಪ್‌ಗೆ ಕಂಪನಿಯದೇ ಮುಚ್ಚಿದ ಫರ್ಮ್‌ವೇರ್ (ಚಿಪ್ ಒಳಗೆ ಓಡುವ ಸಾಫ್ಟ್‌ವೇರ್) ಅಥವಾ ಡ್ರೈವರ್ ಬೇಕು, ಅದು ಲಿನಕ್ಸ್‌ನ ತಿರುಳಾದ ಕರ್ನಲ್ ಜೊತೆ ಬರುವುದಿಲ್ಲ. ಡಿಸ್ಟ್ರೋ ಬದಲಾಯಿಸಿ ಉಪಯೋಗ ಇಲ್ಲ, ಆರ್ಚ್‌ನಲ್ಲೂ ಬೇರೆಯಾಗಿ ಹಾಕಲೇಬೇಕು. ಫೋನನ್ನು ಯುಎಸ್‌ಬಿ ಕೇಬಲ್‌ನಲ್ಲಿ ಸಿಕ್ಕಿಸಿ, ಟೆದರಿಂಗ್ (ಫೋನಿನ ನೆಟ್ ಹಂಚಿಕೆ) ಆನ್ ಮಾಡಿ, ನೆಟ್ ಬರುತ್ತದೆ. ಆಮೇಲೆ ಡ್ರೈವರ್ ಮ್ಯಾನೇಜರ್ ತೆರೆದು ಬ್ರಾಡ್‌ಕಾಮ್‌ದು ಆರಿಸಿ, ರೀಸ್ಟಾರ್ಟ್ ಮಾಡಿ. ಸೆಕ್ಯೂರ್ ಬೂಟ್ (ಸಹಿ ಇಲ್ಲದ ಸಾಫ್ಟ್‌ವೇರ್ ತಡೆಯೋದು) ಇರುವ ಮಷೀನ್ ಆದರೆ ಅದನ್ನು ಆಫ್ ಮಾಡಿ, ಇಲ್ಲದಿದ್ದರೆ ಡ್ರೈವರ್ ಲೋಡ್ ಆಗದೇ ಕೂರಬಹುದು.

ಮಂಡ್ಯ_ಹೈದ:
ಟೆದರಿಂಗ್ ಬಟನ್ ಮಂಕಾಗಿದೆ, ಒತ್ತಕ್ಕೇ ಆಗ್ತಿಲ್ಲ.

ಟರ್ಮಿನಲ್_ತಾತ:
ಬರೀ ಚಾರ್ಜ್ ಮಾಡುವ ಕೇಬಲ್ ಇರಬೇಕು. ಬೇರೆ ಹಾಕಿ ನೋಡಿ.

ಮಂಡ್ಯ_ಹೈದ:
ಬಂತು ಸರ್! ವೈಫೈ ಹಿಡೀತು. ಈಗ ನುಡಿ ಕೀಬೋರ್ಡ್ ಎಲ್ಲಿದೆ?

ಎಕ್ಸ್‌ಎಫ್‌ಸಿಇ_ಭಕ್ತ:
ಟೈಪಿಂಗ್ ಸಾಫ್ಟ್‌ವೇರ್ ಐಬಸ್ ಜೊತೆ ಅದರ ಕೀಬೋರ್ಡ್ ಪ್ಯಾಕ್ ಎಂ17ಎನ್ ಹಾಕಿ, ಕನ್ನಡದಲ್ಲಿ ಕೆಜಿಪಿ ಆರಿಸಿ, ಅದೇ ನುಡಿ ವಿನ್ಯಾಸ. ಆದರೂ 4 ಜಿಬಿಗೆ ಸಿನಮನ್ ಜಾಸ್ತಿ ಆಯ್ತು.

ಕಬ್ಬಿನ_ಗದ್ದೆ:
ನನಗೂ ವೈಫೈ ಇಲ್ಲ. ಏನು ಮಾಡಲಿ? ನನ್ನದು ಹೊಸ ಲ್ಯಾಪ್‌ಟಾಪ್.

ಟರ್ಮಿನಲ್_ತಾತ:
ಯಾವ ಚಿಪ್?