ಅಪ್‌ಡೇಟ್: ಐದು ವರ್ಷದ ಮಗಳಿಗೆ ಕೋಡಿಂಗ್, ಎಲ್ಲಿಂದ ಶುರು ಮಾಡಿದೆವು

ಮಗಳಿಗೆ ಇನ್ನೂ ಸರಿಯಾಗಿ ಓದಲು ಬರುವುದಿಲ್ಲ, ರೋಬೋಟ್ ಅಂದರೆ ಪ್ರಾಣ, ಏನು ಕೊಡಲಿ ಅಂತ ಎರಡು ತಿಂಗಳ ಹಿಂದೆ ಕೇಳಿದ್ದೆ. ಪರದೆ ಬೇಡ, ಮೊದಲು ನೆಲದ ಮೇಲೆ ಆಡಿಸಿ ಅಂತ ಹಲವರು ಹೇಳಿದ್ದಿರಿ. ಹಾಗೇ ಮಾಡಿದೆವು.

ಮೊದಲ ವಾರ ನಾನೇ ರೋಬೋಟ್. ನೆಲದ ಮೇಲೆ ಟೇಪಿನಿಂದ ಚೌಕಗಳು, ಕಾಗದದ ಚೀಟಿಗಳಲ್ಲಿ ಬಾಣದ ಗುರುತು. ಅವಳು ಜೋಡಿಸಿದಂತೆಯೇ ನಾನು ನಡೆಯಬೇಕು, ಗೋಡೆ ಬಂದರೂ ಸರಿ!

ಆಮೇಲೆ ಬೀ-ಬಾಟ್ ತಂದೆವು, ಬೆನ್ನ ಮೇಲಿನ ಗುಂಡಿಗಳಿಂದ ಆದೇಶ ಕೊಡುವ ಪುಟ್ಟ ಜೇನುಹುಳದಂಥ ರೋಬೋಟ್. ಮುಂದಕ್ಕೆ ಹೋಗುವ ಗುಂಡಿ ಒಮ್ಮೆ ಒತ್ತಿದರೆ ಒಂದು ಹೆಜ್ಜೆ, ಅಂದರೆ 15 ಸೆಂ.ಮೀ. ಮುಂದೆ ಹೋಗುತ್ತದೆ. ತೊಡಕಾಗಿದ್ದು ತಿರುಗುವ ಗುಂಡಿ. ಬಲಕ್ಕೆ ಒತ್ತಿದರೆ ಬಲಗಡೆಯ ಚೌಕಕ್ಕೆ ಹೋಗುತ್ತದೆ ಅಂತ ಅವಳ ಎಣಿಕೆ. ಅದು ನಿಂತಲ್ಲೇ ತಿರುಗುತ್ತದೆ ಅಷ್ಟೇ. ನಾನು ವಿವರಿಸಿದ್ದು ತಲೆಗೆ ಹೋಗಲಿಲ್ಲ. ಕೊನೆಗೆ ಅವಳೇ ಚೌಕದಲ್ಲಿ ನಿಂತು ತಿರುಗಿ ನೋಡಿದಳು. ಆಗ ಹೊಳೆಯಿತು! 1967ರಲ್ಲಿ ಮಕ್ಕಳಿಗಾಗಿ ಲೋಗೋ ಎಂಬ ಕೋಡಿಂಗ್ ಭಾಷೆ ರೂಪಿಸಿದವರಲ್ಲಿ ಒಬ್ಬರಾದ ಸೀಮೋರ್ ಪೇಪರ್ಟ್ ಇದನ್ನೇ ಹೇಳುತ್ತಿದ್ದರು, ಮಗು ತಾನೇ ಆಮೆಯಾಗಿ (ಲೋಗೋದಲ್ಲಿ ಆದೇಶದಂತೆ ಚಲಿಸುವುದು ಒಂದು ಆಮೆ) ನಡೆದು ನೋಡಲಿ ಅಂತ.

ಇನ್ನೊಂದು ವಿಷಯ. ಬೀ-ಬಾಟ್ ನೆನಪಿಟ್ಟ ಹಳೇ ಆದೇಶ ಅಳಿಸದಿದ್ದರೆ ಹೊಸದು ಅದರ ಹಿಂದೆಯೇ ಸೇರಿಕೊಳ್ಳುತ್ತದೆ. ಮೊದಲು ಅಳುತ್ತಿದ್ದಳು. ಈಗ "ಅಳಿಸೋದು ಮರೆತೆ" ಅಂತ ತಾನೇ ತಪ್ಪು ಹುಡುಕುತ್ತಾಳೆ. ನನಗೆ ಅದೇ ಜಾಸ್ತಿ ಖುಷಿ.

5ರಿಂದ 7 ವರ್ಷದವರಿಗೆಂದೇ ಇರುವ ಸ್ಕ್ರ್ಯಾಚ್‌ಜೂನಿಯರ್ ಎಂಬ ಕೋಡಿಂಗ್ ಆ್ಯಪ್ ಇನ್ನೂ ತೆರೆದಿಲ್ಲ. ಅವಸರವೇನಿಲ್ಲ ಅಲ್ವಾ? ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್.