ಹೆರಿಗೆ ಕೊಠಡಿಯಲ್ಲಿ ವಿದ್ಯಾರ್ಥಿನಿಯರನ್ನು ತಾಯಿಯ ತಲೆದೆಸೆಗೆ ಕರೆತರುವುದು ಹೇಗೆ?

ತುಂಗಾತೀರದ ಬೋಧಕಿ:
ನರ್ಸಿಂಗ್ ವಿದ್ಯಾರ್ಥಿನಿಯರಿಗೆ ಪ್ರಸೂತಿ ಪಾಠ ಹೇಳುತ್ತೇನೆ. ಪಾರ್ಟೋಗ್ರಾಫ್ (ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂದು ಗುರುತಿಸುವ ನಕ್ಷೆ) ಕೊಟ್ಟರೆ ಒಂದು ಗೆರೆಯೂ ತಪ್ಪುವುದಿಲ್ಲ. ಹೆರಿಗೆ ಕೊಠಡಿಗೆ ಹೊಕ್ಕರೆ ಮಾತ್ರ ಆರೂ ಮಂದಿ ಮಂಚದ ಕಾಲ್ದೆಸೆಯಲ್ಲಿ ಸಾಲಾಗಿ ನಿಂತು ಮಗುವಿನ ತಲೆ ಕಾಣುವುದನ್ನೇ ಕಾಯುತ್ತಾರೆ. ನೋಡಿದ ಹೆರಿಗೆಗಳನ್ನು ಬರೆದಿಡುವ ಲಾಗ್‌ಬುಕ್ಕಿಗೆ ಒಂದು ಕೇಸ್ ಸಿಕ್ಕಿತು, ಮುಗಿಯಿತು. ಬೇನೆ ತಿನ್ನುತ್ತಿರುವವಳ ಮುಖ ನೋಡುವವರಿಲ್ಲ. ಮೊನ್ನೆ ಒಬ್ಬಳು ಹಿರಿಯ ಸಿಬ್ಬಂದಿಯ ದನಿಯಲ್ಲೇ "ಕೂಗಬೇಡ, ಬಾಯಿ ಮುಚ್ಚು" ಎಂದು ಗದರಿದಳು. ಇದನ್ನು ಬಿಡಿಸುವುದು ಹೇಗೆ?

ನಿವೃತ್ತ ಸಿಸ್ಟರ್, ತುಮಕೂರು:
ಆರು ಜನರನ್ನು ಒಂದು ಮಂಚಕ್ಕೆ ಬಿಟ್ಟರೆ ಅದು ಜಾತ್ರೆ. ಒಬ್ಬ ತಾಯಿಗೆ ಒಬ್ಬಳೇ ವಿದ್ಯಾರ್ಥಿನಿ ಇರಲಿ; ಅವಳಿಗೊಂದು ಸ್ಟೂಲ್ ಕೊಡಿ. ನಿಂತವರು ಹೊರಗೆ ಹೋಗಲು ನೆಪ ಹುಡುಕುತ್ತಾರೆ.

ಮೊದಲ ಕೆಲಸ: ಅಂಗೈಯನ್ನು ಹೊಟ್ಟೆಯ ಮೇಲ್ಭಾಗದಲ್ಲಿ ಹಗುರವಾಗಿ ಇಟ್ಟು, ಹತ್ತು ನಿಮಿಷಕ್ಕೆ ಎಷ್ಟು ಬೇನೆ, ಒಂದೊಂದೂ ಎಷ್ಟು ಸೆಕೆಂಡು ಎಂದು ಗಡಿಯಾರ ನೋಡಿ ಎಣಿಸುವುದು. ಬೆರಳ ತುದಿಯಿಂದ ಚುಚ್ಚಬಾರದು. ಗರ್ಭಕೋಶ ಬಿಗಿಯುವುದು ತಾಯಿ ನರಳುವುದಕ್ಕೆ ಮುಂಚೆಯೇ ಕೈಗೆ ತಿಳಿಯುತ್ತದೆ. ಅದು ಗೊತ್ತಾದ ಹುಡುಗಿ ಬೇನೆ ಏರುವಾಗ ಪ್ರಶ್ನೆ ಕೇಳುವುದಿಲ್ಲ. ಇಳಿದ ಮೇಲೆ ಕೇಳುತ್ತಾಳೆ: ನೀರು ಕೊಡಲೇ? ಮಗ್ಗುಲಾಗುತ್ತೀರಾ? ಸ್ವಲ್ಪ ನಡೆಯೋಣವೇ? ಬೆನ್ನುಮೂಳೆಯ ಬುಡವನ್ನು ಅಂಗೈಯ ಬುಡದಿಂದ (ಮಣಿಕಟ್ಟಿನ ಬಳಿಯ ಭಾಗದಿಂದ) ಒತ್ತಿ ಹಿಡಿಯುವುದನ್ನು ತರಗತಿಯಲ್ಲಿ ಪರಸ್ಪರರ ಮೇಲೆ ಅಭ್ಯಾಸ ಮಾಡಿಸಿ.

ಗದರಿದವಳಿಗೆ ಉಪದೇಶ ಬೇಡ. ನೀವೇ ತಲೆದೆಸೆಯಲ್ಲಿ ಕೂತು ತಾಯಿಯ ಕೈ ಹಿಡಿಯಿರಿ, ಅವಳು ನೋಡಲಿ. ನಮ್ಮ ಜಿಲ್ಲೆಯ ಸೂಲಗಿತ್ತಿ ನರಸಮ್ಮನವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗಲೂ ಜನ ಹೇಳಿದ್ದು ಹೆರಿಗೆಗಳ ಸಂಖ್ಯೆಯನ್ನೇ. ನಾವೆಲ್ಲ ಲಾಗ್‌ಬುಕ್ಕಿನವರು!

ಮಿಡ್‌ವೈಫರಿ ತರಬೇತಿಯಲ್ಲಿರುವವಳು:
ಲಾಗ್‌ಬುಕ್ ಹುಚ್ಚು ಬಿಡದಿದ್ದರೆ ತುಂಬುವ ಕಾಗದವನ್ನೇ ಬದಲಿಸಿ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಲೇಬರ್ ಕೇರ್ ಗೈಡ್‌ ಎಂಬ, ಹೆರಿಗೆಯ ಹೊತ್ತಿನಲ್ಲಿ ತುಂಬುವ ನಮೂನೆಯಲ್ಲಿ ಮಗುವಿನ ಹೃದಯಬಡಿತದ ಸಾಲಿಗಿಂತ ಮೊದಲೇ ಜೊತೆಗಾರರು, ನೋವು ಶಮನ, ಕುಡಿಯಲು ಕೊಟ್ಟದ್ದು, ಭಂಗಿ ಇವುಗಳ ಸಾಲುಗಳಿವೆ. ತಾಯಿ ಅಂಗಾತ ಮಲಗಿದ್ದರೆ ಅದಕ್ಕೆ ಸುತ್ತು ಹಾಕಬೇಕು, ಎಚ್ಚರಿಕೆ ಎಂದು. ಕೇಳದೆ, ನೋಡದೆ ಇದನ್ನು ತುಂಬಲಾಗದು.

ತುಂಗಾತೀರದ ಬೋಧಕಿ:
ನಮ್ಮಲ್ಲಿ ಹೆರುವವಳ ಜೊತೆಗೆ ಅವಳ ಅಮ್ಮನನ್ನೂ ಒಳಗೆ ಬಿಡುವುದಿಲ್ಲ. ಒಬ್ಬಳನ್ನು ತಲೆದೆಸೆಯಲ್ಲಿ ಕೂರಿಸಿದರೆ ಉಳಿದ ಐವರನ್ನು ಏನು ಮಾಡಲಿ?

ನಿವೃತ್ತ ಸಿಸ್ಟರ್, ತುಮಕೂರು:
ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆಗೆ ಜೊತೆಗಾರ್ತಿಯನ್ನು ಬಿಡಬಹುದು ಎಂದು ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಹೇಳಿದೆ. ಅದರ ಪ್ರತಿಯನ್ನು ಮೇಲಿನವರ ಮೇಜಿನ ಮೇಲೆ ಇಡಿ. ಐವರಲ್ಲಿ ಇಬ್ಬರು ಬಾಣಂತಿಯರ ವಾರ್ಡಿಗೆ ಹೋಗಿ ಎದೆಹಾಲು ಕುಡಿಸಲು ನೆರವಾಗಲಿ. ಮೂವರು ಆರಂಭದ ಬೇನೆಯವರ ಬಳಿ ಇರಲಿ. ಅಲ್ಲಿ ತಲೆ ಕಾಣುವುದಿಲ್ಲ, ಹಾಗಾಗಿ ಯಾರೂ ಹೋಗುವುದಿಲ್ಲ.